ಗೃಹಸ್ಥರೊಡನೆ ನಾಲ್ಕು ಮಾತು: ಡಾಂಬರಿಗೂ ಎರೆಗೂ ಒಂದೇ ಗಾಡಿ

ಈಚಿನ ಕೆಲವು ವರ್ಷಗಳಿಂದ ನಮ್ಮ ಹಳ್ಳಿಗಳ ಮನೆಗಳಲ್ಲಿ ತಂದೆಮಕ್ಕಳ ನಡುವೆ ಹೊಸದೊಂದು ವಾದವು ಹುಟ್ಟಿಕೊಂಡಿರುವದು. ಡಾಂಬರು ರಸ್ತೆಯಲ್ಲಿ ಓಡುವ, ಹೊಲದ ಹಾದಿಯಲ್ಲಿಯೂ ನಿಲ್ಲದೆ ನಡೆಯುವ ಎತ್ತರದ ಮೋಟಾರ್ ಸೈಕಲ್ಲು ಬೇಕೆಂದು ಮಗನು ಹಟ ಹಿಡಿಯುವನು. ಇಷ್ಟು ವರ್ಷ ಬೀಜಗೊಬ್ಬರ ಹೊತ್ತ ನೂರು ಸಿ.ಸಿ.ಯ ಗಾಡಿಗೆ ಏನಾಗಿದೆಯೆಂದು ತಂದೆಯು ಕೇಳುವನು. ತಾಯಿಯು ನಡುವೆ ಬಾಯಿ ಹಾಕಿ, “ಯಾವುದರ ತರ್ರಿ, ನನಗ ಹತ್ತಿ ಕೂಡ್ಲಿಕ್ಕೆ ಬಂದರ ಸಾಕು” ಎನ್ನುವಳು. ಮೂವರ ಮಾತಿನಲ್ಲಿಯೂ ಸತ್ಯಾಂಶವುಂಟು. ಮೂರನೆಯವಳ ಮಾತಿಗೆ ಮಾತ್ರ ಯಾರೂ ಲಕ್ಷ್ಯಗೊಡುವದಿಲ್ಲ. ಒಂದೂವರೆ ಲಕ್ಷದಿಂದ ಮೂರು ಲಕ್ಷದಾಚೆಯವರೆಗೆ ಹೋಗುವ ಈ ವೆಚ್ಚವು ಒಂದು ಸಾಧಾರಣ ರೈತಕುಟುಂಬದ ಒಂದೆರಡು ಸುಗ್ಗಿಯ ಉಳಿತಾಯವನ್ನೇ ನುಂಗಬಲ್ಲದು. ಆದಕಾರಣ ಈ ತಿಂಗಳು ಇದನ್ನೇ ವಿಚಾರಕ್ಕೆ ತೆಗೆದುಕೊಳ್ಳುವೆವು.

ಇಂಥ ಗಾಡಿಗೆ ಡ್ಯುಯಲ್ ಸ್ಪೋರ್ಟ್ ಎಂದು ಹೆಸರು. ನಮ್ಮ ಅಂಗಡಿಕಾರರು ಅಡ್ವೆಂಚರ್ ಬೈಕು ಎಂದೂ ಕರೆಯುವರು. ಈ ಲೇಖನದ ಮಟ್ಟಿಗೆ ನಾವು ಇದನ್ನು ದ್ವಿಮಾರ್ಗಿ ಎನ್ನೋಣ. ಸಂಸ್ಕೃತ ಶಾಸ್ತ್ರಕಾರರಲ್ಲಿ ಎರಡು ನ್ಯಾಯಗಳುಂಟು. ಹೊಸ್ತಿಲ ಮೇಲಿಟ್ಟ ದೀಪವು ಒಳಮನೆಗೂ ಹೊರಪಡಸಾಲೆಗೂ ಏಕಕಾಲಕ್ಕೆ ಬೆಳಕು ಕೊಡುವದು; ಇದು ದೇಹಲೀದೀಪ ನ್ಯಾಯ. ಅರ್ಧ ಮುದುಕಿ, ಅರ್ಧ ತರುಣಿಯಾದ ಹೆಂಗಸನ್ನು ಕಲ್ಪಿಸಿಕೊಂಡಂತೆ, ಎರಡೂ ಆಗಹೋಗಿ ಒಂದೂ ಆಗದ ವಸ್ತುವಿಗೆ ಅರ್ಧಜರತೀಯ ನ್ಯಾಯವು ಸಲ್ಲುವದು. ದ್ವಿಮಾರ್ಗಿಯು ಇವೆರಡರಲ್ಲಿ ಯಾವುದು? ಉತ್ತರವು ಗಾಡಿಯಲ್ಲಿ ಅರ್ಧವಿದ್ದರೆ, ಅದು ತುಳಿಯುವ ಮಣ್ಣಿನಲ್ಲಿ ಇನ್ನರ್ಧವಿರುವದು.

ಮೊದಲು ಇದರ ವಂಶವನ್ನು ಸಂಕ್ಷೇಪವಾಗಿ ನೋಡೋಣ. ಮೋಟಾರ್ ಸೈಕಲ್ಲನ್ನು ಕೆಟ್ಟ ಹಾದಿಯಲ್ಲಿ ಪರೀಕ್ಷಿಸುವ ಆರು ದಿನಗಳ ಸ್ಪರ್ಧೆಯು ಇಂಗ್ಲಂಡಿನಲ್ಲಿ 1913ರಷ್ಟು ಹಿಂದೆಯೇ ಆರಂಭವಾಯಿತು. ಜಪಾನಿನ ಯಮಾಹಾ ಕಂಪನಿಯು 1968ರಲ್ಲಿ ಡಿ.ಟಿ.-1 ಎಂಬ 250 ಸಿ.ಸಿ.ಯ ಹಗುರವಾದ ಗಾಡಿಯನ್ನು ಹೊರತಂದು, ಇಂಥ ವಾಹನವನ್ನು ಸಾಮಾನ್ಯ ಜನರ ಕೈಗೆ ತಲುಪಿಸಿತು. ಜರ್ಮನಿಯ ಬಿ.ಎಂ.ಡಬ್ಲ್ಯೂ. ಕಂಪನಿಯು 1980ರಲ್ಲಿ ತನ್ನ ದೊಡ್ಡ ಗಾಡಿಗೆ ಜಿ/ಎಸ್ ಎಂಬ ಅಕ್ಷರಗಳನ್ನಿಟ್ಟಿತು. ಮೊದಲನೆಯದು ಕಾಡುಮೇಡಿನ ನೆಲಕ್ಕೂ ಎರಡನೆಯದು ರಸ್ತೆಗೂ ಜರ್ಮನ್ ಶಬ್ದಗಳ ಮೊದಲಕ್ಷರಗಳು. ನಮ್ಮ ದೇಶದಲ್ಲಿ ಹೀರೋ ಕಂಪನಿಯ ಇಂಪಲ್ಸ್ 2011ರಲ್ಲಿ ಬಂದಿತು. ಗಿರಾಕಿಗಳು ಸಾಕಷ್ಟು ಸಿಗದೆ ಕೆಲ ವರ್ಷಗಳಲ್ಲಿ ಹಿಂದೆ ಸರಿಯಿತು. 2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2019ರಲ್ಲಿ ಹೀರೋ ಎಕ್ಸ್‌ಪಲ್ಸ್ 200 ಬಂದ ಮೇಲೆಯೇ ಈ ಜಾತಿಯು ನಮ್ಮಲ್ಲಿ ಬೇರೂರಿತು. ಬೆಂಗಳೂರಿನ ಸಿ. ಎಸ್. ಸಂತೋಷರು 2015ರಲ್ಲಿ ಡಕಾರ್ ಎಂಬ ಮಹಾಸ್ಪರ್ಧೆಯನ್ನು ಮೋಟಾರ್ ಸೈಕಲ್ಲಿನ ಮೇಲೆ ಪೂರೈಸಿದ ಮೊದಲ ಭಾರತೀಯರೆನಿಸಿದ ಬಳಿಕ ಕನ್ನಡದ ತರುಣರಿಗೆ ಇದರಲ್ಲಿ ಆಸಕ್ತಿಯು ಹೆಚ್ಚಿದ್ದರೆ ಆಶ್ಚರ್ಯವಿಲ್ಲ. ಆದರೆ ಒಂದು ಮಾತನ್ನು ಮರೆಯಬಾರದು. ಮೈಸೂರಿನ ಐಡಿಯಲ್ ಜಾವಾ ಕಾರಖಾನೆಯು 1996ರಲ್ಲಿ ಮುಚ್ಚುವವರೆಗೆ ಮಾಡಿ ಕಳಿಸಿದ ಜಾವಾ, ಯೆಜ್ಡಿ ಗಾಡಿಗಳು ನಮ್ಮ ಚಕ್ಕಡಿ ಹಾದಿಗಳಲ್ಲಿ ದ್ವಿಮಾರ್ಗಿಯೆಂಬ ಯಾವ ಬಿರುದೂ ಇಲ್ಲದೆ ಓಡಾಡಿದವು. ಫಟಫಟಿ ಎಂದರೆ ನಮ್ಮ ಹಿರಿಯರಿಗೆ ಎಲ್ಲ ಹಾದಿಗೂ ಸಲ್ಲುವ ವಾಹನವೇ ಆಗಿತ್ತು.

ಇನ್ನು ನೆಲದ ವಿಚಾರ. ನಾಲ್ಕು ತಾಲೂಕುಗಳ ಹೆಸರು ಒಂದೇ ಜಿಲ್ಲೆಯಲ್ಲಿ ಬಂದರೂ ಗಾಲಿಯ ದೃಷ್ಟಿಯಿಂದ ಇವು ಎರಡು ಬೇರೆ ದೇಶಗಳು. ನವಲಗುಂದ, ಅಣ್ಣಿಗೇರಿಗಳು ಎರೆಯ ಬಯಲು. ಕಣ್ಣು ಹಾಯುವವರೆಗೆ ಕಪ್ಪು ಭೂಮಿ. ಕುಂದಗೋಳದ ಬಹುಭಾಗವೂ ಇದೇ ವರ್ಗಕ್ಕೆ ಸೇರುವದು. ಕಲಘಟಗಿಗೆ ಹೋದೊಡನೆ ಮಣ್ಣು ಕೆಂಪಾಗುವದು, ನೆಲವು ಏರಿಳಿಯುವದು, ಭತ್ತದ ಗದ್ದೆಗಳೂ ಯಲ್ಲಾಪುರ, ಮುಂಡಗೋಡಗಳ ಕಡೆಯ ಕಾಡೂ ಕಾಣಿಸುವವು. 52ನೆಯ ರಾಷ್ಟ್ರೀಯ ಹೆದ್ದಾರಿಯು ನವಲಗುಂದವನ್ನೂ ಕಲಘಟಗಿಯನ್ನೂ ಹುಬ್ಬಳ್ಳಿಯ ಮೂಲಕ ಒಂದೇ ದಾರದಲ್ಲಿ ಪೋಣಿಸಿರುವದು. ಅಣ್ಣಿಗೇರಿಗೆ ಹುಬ್ಬಳ್ಳಿ–ಗದಗ ಹೆದ್ದಾರಿಯುಂಟು. ಹೆದ್ದಾರಿಯ ಮೇಲೆ ಇರುವವರೆಗೆ ಯಾವ ಗಾಡಿಯಾದರೂ ಒಂದೇ. ಭೇದವು ಆರಂಭವಾಗುವದು ಹೆದ್ದಾರಿಯಿಂದ ಊರಿಗೆ, ಊರಿನಿಂದ ಹೊಲಕ್ಕೆ ತಿರುಗಿದಾಗ.

ಎರೆಮಣ್ಣಿನ ಸ್ವಭಾವವನ್ನು ರೈತರಿಗೆ ಹೇಳಿಕೊಡಬೇಕಾಗಿಲ್ಲ, ಕಾರಣವನ್ನಷ್ಟು ಹೇಳುವೆವು. ಅದರಲ್ಲಿರುವ ಅತಿಸೂಕ್ಷ್ಮವಾದ ಜೇಡಿಯ ಕಣಗಳು ಪದರುಪದರಾಗಿದ್ದು, ಪದರುಗಳ ನಡುವೆ ನೀರನ್ನು ಎಳೆದುಕೊಂಡು ಉಬ್ಬುವವು. ಬೇಸಿಗೆಯಲ್ಲಿ ನೀರನ್ನು ಬಿಟ್ಟು ಕುಗ್ಗುವವು. ಆದ್ದರಿಂದಲೇ ಚೈತ್ರ ವೈಶಾಖಗಳಲ್ಲಿ ಕಾಲು ಸಿಕ್ಕಿಬೀಳುವಂಥ ಬಿರುಕುಗಳು, ಆಷಾಢದಲ್ಲಿ ಚಪ್ಪಲಿಯನ್ನು ಕಿತ್ತುಕೊಳ್ಳುವ ರಾಡಿ. ಈ ರಾಡಿಯು ಮರಳಿನಂತೆ ಸರಿಯುವದಿಲ್ಲ, ಕೆಂಪು ಮಣ್ಣಿನಂತೆ ಉದುರುವದಿಲ್ಲ, ಸುತ್ತಿಕೊಳ್ಳುವದು. ಟೈರಿಗೆ ಹತ್ತಿ, ಟೈರಿನೊಡನೆ ತಿರುಗಿ, ಮಡ್ಗಾರ್ಡಿನ ಕೆಳಗೆ ಹೋಗಿ, ಅಲ್ಲಿ ಗಾರೆಯಂತೆ ಗಟ್ಟಿಯಾಗಿ ಕೂಡ್ರುವದು. ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಗಾಲಿಯು ತಿರುಗುವದೇ ನಿಲ್ಲುವದು. ಸವಾರನು ಇಳಿದು ಜಾಲಿಯ ಕಡ್ಡಿ ಹುಡುಕಿ ರಾಡಿ ಕೆದರುತ್ತ ನಿಲ್ಲುವ ದೃಶ್ಯವನ್ನು ಹೆಸರಿನ ಬಿಡಿಕೆಯ ಕಾಲದಲ್ಲಿ ನವಲಗುಂದದ ಸೀಮೆಯಲ್ಲಿ ಯಾರು ಕಂಡಿಲ್ಲ?

ಈಗ ಗಾಡಿಯ ಒಂದೊಂದು ಅಂಗವನ್ನು ಈ ನೆಲದ ಮೇಲಿಟ್ಟು ನೋಡೋಣ.

ದ್ವಿಮಾರ್ಗಿಯ ಮುಂಗಾಲಿಯು ದೊಡ್ಡದು. ಎಕ್ಸ್‌ಪಲ್ಸ್, ಹಿಮಾಲಯನ್ ಎರಡಕ್ಕೂ 21 ಇಂಚು, ಸ್ಪ್ಲೆಂಡರಿಗೆ 18. ದೊಡ್ಡ ಗಾಲಿಯು ತಗ್ಗಿನೊಳಗೆ ಬೀಳುವ ಬದಲು ಅದರ ಮೇಲಿಂದ ಉರುಳಿ ಹೋಗುವದು. ಚಕ್ಕಡಿಯ ದೊಡ್ಡ ಗಾಲಿಯ ತತ್ತ್ವವೂ ಇದೇ. ಎರಡನೆಯದು ನೆಲದಿಂದ ಇಂಜಿನ್ನಿನ ಎತ್ತರ. ಸ್ಪ್ಲೆಂಡರಿನದು 165 ಮಿಲಿಮೀಟರು, ಎಕ್ಸ್‌ಪಲ್ಸ್ 200ರದು 220. ಭೇದವು ಮೂರು ಬೆರಳಿನಷ್ಟೇ. ಆದರೆ ಎರಡು ಗಾಲಿಜಾಡುಗಳ ನಡುವೆ ಉಬ್ಬಿ ನಿಂತ ಒಣ ಎರೆಯ ದಿಂಡಿಗೆ ಇಂಜಿನ್ನಿನ ತಳ ಬಡಿಯುವದೋ ಇಲ್ಲವೋ ಎಂಬುದನ್ನು ಆ ಮೂರು ಬೆರಳೇ ನಿರ್ಣಯಿಸುವವು. ಮೂರನೆಯದು ಶಾಕ್‌ಅಬ್ಸಾರ್ಬರು. ಎಕ್ಸ್‌ಪಲ್ಸಿನ ಮುಂಭಾಗವು 190, ಹಿಮಾಲಯನ್‌ದು 200 ಮಿಲಿಮೀಟರಿನವರೆಗೆ ಕುಗ್ಗಿ ಏಳಬಲ್ಲದು. ಖಡಿ ಕಿತ್ತುಹೋದ ಊರುರಸ್ತೆಯಲ್ಲಿ ಸವಾರನ ಬೆನ್ನೆಲುಬನ್ನು ಕಾಯುವದು ಇದೇ. ಕಲಘಟಗಿಯ ಕಡೆಯ ಗರಸಿನ ಏರುಗಳಲ್ಲಿ, ಕಲ್ಲೆದ್ದ ಕಾಡಿನಂಚಿನ ಹಾದಿಗಳಲ್ಲಿ ಈ ಮೂರು ಗುಣಗಳೂ ಕೂಡಿ ದ್ವಿಮಾರ್ಗಿಯನ್ನು ನಿಜವಾದ ಹೊಸ್ತಿಲ ದೀಪವನ್ನಾಗಿ ಮಾಡುವವು. ಸಣ್ಣ ಗಾಡಿಯು ಪುಟಿದು ಪಕ್ಕಕ್ಕೆ ಸರಿಯುವಲ್ಲಿ ಇದು ನೆಲವನ್ನು ಹಿಡಿದುಕೊಂಡು ಹೋಗುವದು.

ಆದರೆ ಹಸಿ ಎರೆಯಲ್ಲಿ? ಅಲ್ಲಿ ಗಾಲಿಯ ದೊಡ್ಡತನವಾಗಲಿ ಅಶ್ವಶಕ್ತಿಯಾಗಲಿ ಪ್ರಯೋಜನಕ್ಕೆ ಬಾರದು. ಟೈರಿಗೂ ಮಡ್ಗಾರ್ಡಿಗೂ ನಡುವೆ ಎಷ್ಟು ತೆರಪುಂಟು ಎಂಬುದೊಂದೇ ಪ್ರಶ್ನೆ. ಹಳೆಯ ಇಂಪಲ್ಸಿನ ಮುಂದಿನ ಮಡ್ಗಾರ್ಡು ಗಾಲಿಯಿಂದ ಬಹಳ ಮೇಲೆ ಇತ್ತು. ರಾಡಿಯು ಬೀಳಲು ಸ್ಥಳವಿತ್ತು. 411 ಸಿ.ಸಿ.ಯ ಹಿಮಾಲಯನ್ನಿಗೆ ಮೇಲೊಂದು, ಗಾಲಿಗೆ ಹತ್ತಿಕೊಂಡು ಕೆಳಗೊಂದು ಹೀಗೆ ಎರಡು ಮಡ್ಗಾರ್ಡುಗಳು. ಕೆಳಗಿನದು ಎರೆಯಲ್ಲಿ ಸ್ಪ್ಲೆಂಡರಿನದರಂತೆಯೇ ತುಂಬಿಕೊಳ್ಳುವದು. ರೂಪವು ಕಾಡಿನದಾದರೂ ಈ ಒಂದು ಅಂಗವು ಪೇಟೆಯದು. ಟೈರಿನ ಹಲ್ಲುಗಳ ವಿಷಯವೂ ಹೀಗೆಯೇ. ಎತ್ತರದ ಹಲ್ಲುಗಳು ಗರಸನ್ನು, ಸಡಿಲ ಮಣ್ಣನ್ನು ಕಚ್ಚುವವು. ಎರೆಯಲ್ಲಾದರೋ ಹಲ್ಲುಗಳ ಸಂದು ತುಂಬಿ, ಎರಡು ಸುತ್ತಿನಲ್ಲಿ ಟೈರು ನುಣ್ಣಗಿನ ಉಂಡೆಯಾಗುವದು. ಈ ಮಣ್ಣಿಗೆ ಇರುವ ಮದ್ದು ಒಂದೇ: ಎರಡು ದಿನದ ಬಿಸಿಲು. ಬಿತ್ತಲಿಕ್ಕೆ ಹದ ನೋಡುವ ರೈತನು ಗಾಡಿ ಹೊಡೆಯಲಿಕ್ಕೂ ಹದ ನೋಡಬೇಕು. ಅಲ್ಲಿಯವರೆಗೆ ಗಾಡಿಯನ್ನು ಡಾಂಬರಿನ ಅಂಚಿಗೆ ನಿಲ್ಲಿಸಿ ನಡೆದು ಹೋಗುವದೇ ಜಾಣತನ.

ಇನ್ನು ತೂಕ. ಶೋರೂಮಿನಲ್ಲಿ ಯಾರೂ ಕೇಳದ, ಹೊಲದಲ್ಲಿ ಎಲ್ಲರೂ ಅನುಭವಿಸುವ ಗುಣವಿದು. ಸ್ಪ್ಲೆಂಡರಿನ ತೂಕ ಸುಮಾರು 112 ಕಿಲೋ. ಎಕ್ಸ್‌ಪಲ್ಸ್ 200 ನಾಲ್ಕು ವಾಲ್ವಿನದು ಸುಮಾರು 158. ಹಿಮಾಲಯನ್ 411 ಆಗಲಿ 2023ರ ನವೆಂಬರಿನಲ್ಲಿ ಅದರ ಸ್ಥಾನಕ್ಕೆ ಬಂದ 452 ಸಿ.ಸಿ.ಯದಾಗಲಿ 200 ಕಿಲೋದ ಆಸುಪಾಸು. ಜೋಳದ ಭಾಷೆಯಲ್ಲಿ ಹೇಳುವದಾದರೆ ಒಂದು ಕ್ವಿಂಟಲು, ಒಂದೂವರೆ ಕ್ವಿಂಟಲು, ಎರಡು ಕ್ವಿಂಟಲು. ರಾಡಿಯಲ್ಲಿ ಗಾಡಿಯು ಬೀಳದೆ ಇರುವದಿಲ್ಲ. ಬಿದ್ದಾಗ ಎಬ್ಬಿಸುವವನು ಒಬ್ಬನೇ ಇರುವನು. ಒಂದು ಕ್ವಿಂಟಲನ್ನು ಒಬ್ಬನು ಎಬ್ಬಿಸುವನು, ಒಂದೂವರೆಯನ್ನು ಗಟ್ಟಿಮುಟ್ಟಾದ ತರುಣನು ಎಬ್ಬಿಸುವನು, ಎರಡನ್ನು ಎಬ್ಬಿಸಲು ಬದುವಿನಾಚೆಯ ಹೊಲದವನನ್ನು ಕೂಗಬೇಕಾಗುವದು. ಹಿಮಾಲಯನ್ನಿನ ತೂಕವು ಘಟ್ಟದ ಏರಿನಲ್ಲಿ, ದಿನಕ್ಕೆ ಮುನ್ನೂರು ಕಿ.ಮೀ. ಪ್ರಯಾಣದಲ್ಲಿ ಗುಣವೇ ಸರಿ. ಗಾಳಿಗೆ ಅಲುಗದೆ ನಿಲ್ಲುವದು, ಕಡಿಮೆ ವೇಗದಲ್ಲಿಯೇ ಅದರ ಇಂಜಿನ್ನು ಬಲವಾಗಿ ಎಳೆಯುವದು. ಅದೇ ತೂಕವು ಹೊಲದ ಹಾದಿಯಲ್ಲಿ ದೋಷವಾಗುವದು.

ಶಕ್ತಿಯ ಲೆಕ್ಕವನ್ನು ತರುಣರು ಬಾಯಿಪಾಠ ಮಾಡಿರುವರು. ಸ್ಪ್ಲೆಂಡರಿಗೆ ಸುಮಾರು 8 ಅಶ್ವಶಕ್ತಿ, ಎಕ್ಸ್‌ಪಲ್ಸ್ 200ಕ್ಕೆ 18ರಿಂದ 19, 2025ರಲ್ಲಿ ಬಂದ 210 ಸಿ.ಸಿ.ಯದಕ್ಕೆ 24ರ ಮೇಲೆ, ಸುಜುಕಿಯ ವಿ-ಸ್ಟ್ರಾಮ್ ಎಸ್‌.ಎಕ್ಸ್.ಗೆ 26, 452 ಸಿ.ಸಿ.ಯ ಹಿಮಾಲಯನ್ನಿಗೆ 40, 2020ರಲ್ಲಿ ಬಂದ ಕೆ.ಟಿ.ಎಂ. 390 ಅಡ್ವೆಂಚರಿಗೆ 43. ಇವುಗಳಲ್ಲಿ ಕೊನೆಗೆ ಹೇಳಿದ 43 ಅಶ್ವಶಕ್ತಿಯ ಕೆ.ಟಿ.ಎಂ.ಗೂ ಸುಜುಕಿಗೂ ಮುಂದಿನ ಗಾಲಿ 19 ಇಂಚಿನದು. ಅವು ಹೆದ್ದಾರಿಯನ್ನೇ ಹೆಚ್ಚಾಗಿ ನೆಚ್ಚಿ, ಕೆಟ್ಟ ರಸ್ತೆಯನ್ನು ಸಹಿಸಿಕೊಳ್ಳುವ ಗಾಡಿಗಳು. ಹೊಲದ ಹಾದಿಯಲ್ಲಿ ಗಂಟೆಗೆ 20 ಕಿ.ಮೀ. ಮೀರಿ ಹೋಗಲಾಗದು, ಅಲ್ಲಿ 40 ಕುದುರೆಗಳನ್ನು ಕಟ್ಟಿಕೊಂಡು ಮಾಡುವದೇನು? ಹೆದ್ದಾರಿಯಲ್ಲಿ ಅವು ಕೆಲಸಕ್ಕೆ ಬರುವವು ನಿಜ. ಆದರೆ ದಿನಾಲು ಹುಬ್ಬಳ್ಳಿಗೆ ಹೋಗಿಬರುವ ನೌಕರನಿಗೆ ಆ ವೇಗವು ಉಳಿಸಿಕೊಡುವದು ಹತ್ತು ನಿಮಿಷ.

ಈಗ ತಾಯಿಯ ಮಾತಿಗೆ ಬರೋಣ. ಸ್ಪ್ಲೆಂಡರಿನ ಆಸನದ ಎತ್ತರ 785 ಮಿಲಿಮೀಟರು, ಎಕ್ಸ್‌ಪಲ್ಸ್ 200ರದು 825ರ ಆಸುಪಾಸು, ಕೆ.ಟಿ.ಎಂ.ದು 855. ಇದು ಸವಾರನ ಆಸನದ ಲೆಕ್ಕ. ಹಿಂದಿನ ಆಸನವು ಇನ್ನೂ ಮೇಲೆ. ಸೀರೆಯುಟ್ಟು ಒಂದೇ ಮಗ್ಗುಲಿಗೆ ಕೂಡ್ರುವ ಐವತ್ತು ವರ್ಷದ ಹೆಣ್ಣುಮಗಳಿಗೆ ಆ ಎತ್ತರವು ಕಟ್ಟೆಯಿಲ್ಲದೆ ಹತ್ತಲಾಗದ ಎತ್ತರ. ಮೊಳಕಾಲು ನೋವಿಗಾಗಿ ದವಾಖಾನೆಗೆ ಹೋಗಬೇಕಾದವಳು ಗಾಡಿ ಹತ್ತುವಾಗಲೇ ಮೊಳಕಾಲನ್ನು ಮುರಿದುಕೊಳ್ಳಬಾರದು. ಹಿಂದೆ ಕೂಡ್ರುವವರಿಗೆ ಹಿಡಿಕೆ, ಕಾಲಾಸರೆ, ಹಿಂಗಾಲಿಯ ಅರ್ಧಕ್ಕೆ ಕಡಿಮೆಯಿಲ್ಲದ ಮರೆ ಇರತಕ್ಕದ್ದೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಾವಳಿಯ 123ನೆಯ ನಿಯಮವು ವಿಧಿಸಿರುವದು. ಗಾಡಿಯ ಚೆಂದ ಕೆಡುವದೆಂದು ಸೀರೆಯ ಜಾಳಿಗೆಯನ್ನು ಬಿಚ್ಚಿಡುವ ತರುಣರಿದ್ದಾರೆ. ಸೆರಗು ಗಾಲಿಗೆ ಸಿಕ್ಕರೆ ಏನಾಗುವದೆಂದು ಅವರಿಗೆ ಮನೆಯ ಹಿರಿಯರೇ ತಿಳಿಸಬೇಕು.

ಹೊರೆಯ ಮಾತೂ ಇಂಥದೇ. ಯೂರಿಯಾ ಚೀಲದ ತೂಕ 45 ಕಿಲೋ. ಸ್ಪ್ಲೆಂಡರಿನ ಉದ್ದನೆಯ ಸಮ ಆಸನದ ಮೇಲೆ ಅದು ಅಡ್ಡಡ್ಡ ಬಿದ್ದುಕೊಳ್ಳುವದು, ಟಿ.ವಿ.ಎಸ್. ಎಕ್ಸ್.ಎಲ್. 100ರಂಥ, ತೂಕ 90 ಕಿಲೋದೊಳಗಿನ ಬಡವರ ಗಾಡಿಯಲ್ಲಂತೂ ಕಾಲುಗಳ ನಡುವಿನ ತಗ್ಗಿನಲ್ಲಿಯೇ ಇಡಬಹುದು. ಎತ್ತರದ ದ್ವಿಮಾರ್ಗಿಯ ಮೇಲೆ ಅದೇ ಚೀಲವು ಎದೆಯ ಮಟ್ಟಕ್ಕೆ ಏರಿ, ಗಾಡಿಯ ತೂಕವನ್ನೆಲ್ಲ ಮೇಲಕ್ಕೆ ಎಳೆದು, ತಿರುವಿನಲ್ಲಿ ಹೊರಳಿಸಲು ಹವಣಿಸುವದು. ಹೊಲಕ್ಕೆ ಹೋಗುವ ಗಾಡಿಯೆಂದು ಹೆಸರು ಹೇಳಿ ತಂದದ್ದು ಹೊಲದ ಹೊರೆಯನ್ನೇ ಹೊರಲೊಲ್ಲದಾದರೆ ಅದು ಅರ್ಧಜರತೀಯವೇ ಸರಿ.

ವೆಚ್ಚದ ಲೆಕ್ಕವನ್ನು ಸಂಕ್ಷೇಪವಾಗಿ ಹಾಕೋಣ. ದಿನಕ್ಕೆ 30 ಕಿ.ಮೀ.ಯಂತೆ ತಿಂಗಳಿಗೆ 900 ಕಿ.ಮೀ. ಎನ್ನಿರಿ. ಲೀಟರಿಗೆ 60 ಕೊಡುವ ನೂರು ಸಿ.ಸಿ.ಯ ಗಾಡಿಗೆ 15 ಲೀಟರು, 40 ಕೊಡುವ ಇನ್ನೂರು ಸಿ.ಸಿ.ಯದಕ್ಕೆ 22½, 30ರ ಆಸುಪಾಸು ಕೊಡುವ ಹಿಮಾಲಯನ್ನಿಗೆ 30 ಲೀಟರು ಬೇಕು. ಲೀಟರಿಗೆ ನೂರೇ ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ ಮೊದಲನೆಯದಕ್ಕಿಂತ ಎರಡನೆಯದಕ್ಕೆ 9,000, ಮೂರನೆಯದಕ್ಕೆ 18,000 ರೂಪಾಯಿ ಹೆಚ್ಚು. ಇದಲ್ಲದೆ 2025ರ ಸಪ್ಟೆಂಬರ್ 22ರಿಂದ 350 ಸಿ.ಸಿ.ಯವರೆಗಿನ ಗಾಡಿಗಳ ಜಿ.ಎಸ್.ಟಿ.ಯನ್ನು ನೂರಕ್ಕೆ 28ರಿಂದ 18ಕ್ಕೆ ಇಳಿಸಿ, ಅದಕ್ಕೆ ಮೇಲ್ಪಟ್ಟವುಗಳ ಮೇಲೆ 40 ಹಾಕಿದರು. ಹೀಗಾಗಿ ಸಣ್ಣ ದ್ವಿಮಾರ್ಗಿಗೂ ದೊಡ್ಡದಕ್ಕೂ ನಡುವಿನ ಅಂತರವು ಮತ್ತಷ್ಟು ಹಿಗ್ಗಿತು. ಪಂಕ್ಚರ್ ತಿದ್ದುವವನನ್ನೂ ಮರೆಯಬೇಡಿರಿ: 21 ಇಂಚಿನ ಟ್ಯೂಬು ಪ್ರತಿ ಊರಿನ ಅಂಗಡಿಯಲ್ಲಿ ಸಿಕ್ಕೀತೆಂದು ನಂಬಲಾಗದು. ಕೊಂಡವರು ಒಂದನ್ನು ಮನೆಯಲ್ಲಿಟ್ಟಿರಬೇಕು.

ಇದುವರೆಗೆ ಹೇಳಿದ್ದು ದುಡ್ಡಿನ ಮಾತು. ಇನ್ನು ಜೀವದ ಮಾತು. ಬೆಣ್ಣಿಹಳ್ಳದ ಹೆಸರು ಎಷ್ಟು ಮೃದುವೋ ಅದರ ಮಳೆಗಾಲದ ಸ್ವಭಾವವು ಅಷ್ಟೇ ಕಠಿಣ. ಕುಂದಗೋಳ, ನವಲಗುಂದಗಳ ಬಯಲನ್ನು ಹಾದು ಮಲಪ್ರಭೆಯನ್ನು ಸೇರುವ ಈ ಹಳ್ಳವೂ ತುಪ್ಪರಿಹಳ್ಳವೂ 2019ರ ಆಗಸ್ಟಿನಲ್ಲಿ ಉಕ್ಕಿ ರಸ್ತೆ, ಸೇತುವೆ, ಹೊಲಗಳನ್ನೆಲ್ಲ ಒಂದು ಮಾಡಿದ್ದನ್ನು ವಾಚಕರು ಮರೆತಿರಲಾರರು. ದ್ವಿಮಾರ್ಗಿಯ ದೊಡ್ಡ ಅಪಾಯವು ಇಲ್ಲಿಯೇ. ಇಂಜಿನ್ನು ಎತ್ತರದಲ್ಲಿದೆ, ಹೊಗೆಕೊಳವೆಯು ಮೇಲೆ ತಿರುಗಿದೆ, ಜಾಹೀರಾತಿನಲ್ಲಿ ನೀರನ್ನು ಚಿಮ್ಮಿಸುತ್ತ ಹೋಗುವ ಚಿತ್ರವೂ ಇದೆ. ತರುಣನಿಗೆ ಧೈರ್ಯ ಬರುವದು. ಆದರೆ ಹರಿಯುವ ನೀರು ಇಂಜಿನ್ನಿನ ಎತ್ತರವನ್ನು ಕೇಳುವದಿಲ್ಲ. ಗಾಲಿಗಳನ್ನೂ ಸವಾರನ ಕಾಲುಗಳನ್ನೂ ಮಗ್ಗುಲಿನಿಂದ ತಳ್ಳುವದು. ಮೊಳಕಾಲು ಮುಟ್ಟದ ನೀರು ಕೂಡ ರಭಸವಾಗಿದ್ದರೆ ಗಾಡಿಯನ್ನೂ ಸವಾರನನ್ನೂ ಸೇತುವೆಯಿಂದಾಚೆಗೆ ಒಯ್ಯಬಲ್ಲದು. ಕಲಕಿದ ನೀರಿನ ಕೆಳಗೆ ಸೇತುವೆಯ ಅಂಚು ಕುಸಿದಿದ್ದರೆ ಕಾಣುವದೂ ಇಲ್ಲ. ಹಳ್ಳವು ಇಳಿಯುವವರೆಗೆ ಈಚೆಯ ದಂಡೆಯ ಊರಿನಲ್ಲಿ ರಾತ್ರಿ ಕಳೆದವನನ್ನು ಹೇಡಿಯೆಂದು ಯಾರೂ ಅನ್ನರು.

ಚಿಕ್ಕ ಹುಡುಗರ ವಿಷಯವಾಗಿಯೂ ಒಂದು ಮಾತು. ಗೇರುಳ್ಳ ಗಾಡಿಗೆ 18 ವರ್ಷ ತುಂಬಿರಬೇಕು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯಂತೆ, ಅಪ್ರಾಪ್ತವಯಸ್ಕನು ಗಾಡಿ ನಡೆಸಿ ಅಪರಾಧವಾದರೆ ಪಾಲಕರಿಗೆ 25,000 ರೂಪಾಯಿ ದಂಡವೂ ಮೂರು ವರ್ಷದವರೆಗೆ ಸೆರೆಯೂ ಆಗಬಹುದು. ಹೊಲದ ಹಾದಿಯಲ್ಲಿ ಪೋಲೀಸರಿಲ್ಲವೆಂದು ಹೆಲ್ಮೆಟ್ಟನ್ನು ಮನೆಯಲ್ಲಿ ಮೊಳೆಗೆ ತೂಗುಹಾಕುವದೂ ತಪ್ಪು. ಕಲ್ಲಿಗೆ ಊರೊಳಗಿನ ತಲೆ, ಊರಹೊರಗಿನ ತಲೆ ಎಂಬ ಭೇದವಿಲ್ಲ. ಆಟಕ್ಕಾಗಿ ಕಂಡವರ ಬಿತ್ತಿದ ಹೊಲದಲ್ಲಿ ಗಾಡಿ ನುಗ್ಗಿಸುವದಂತೂ ಕ್ರೀಡೆಯಲ್ಲ, ಅನ್ಯಾಯ. ಡಕಾರಿನಂಥ ಸ್ಪರ್ಧೆಯ ಸವಾರರು ವರ್ಷಗಟ್ಟಲೆ ಅಭ್ಯಾಸ ಮಾಡಿ, ಮೈತುಂಬ ರಕ್ಷಾಕವಚ ತೊಟ್ಟು ಇಳಿಯುವರೆಂಬುದನ್ನು ಅವರ ಅಭಿಮಾನಿಗಳು ನೆನಪಿಡಬೇಕು.

ಹಾಗಾದರೆ ನಿರ್ಣಯವೇನು? ಪ್ರತಿಯೊಬ್ಬ ಗೃಹಸ್ಥನೂ ತನ್ನ ಮನೆಯ ಗಾಡಿಯು ತಿಂಗಳಲ್ಲಿ ಯಾವ ಹಾದಿಯಲ್ಲಿ ಎಷ್ಟು ದಿನ ಓಡುವದೆಂದು ಒಂದು ಹಾಳೆಯಲ್ಲಿ ಬರೆಯಲಿ. ಕನಸಿನ ಹಾದಿಯನ್ನು ಬಿಟ್ಟು, ಕಂಡ ಹಾದಿಯನ್ನಷ್ಟೇ ಬರೆಯಲಿ. ಎರೆಸೀಮೆಯಲ್ಲಿ ಹೊಲಮನೆಯ ಕೆಲಸವೇ ಹೆಚ್ಚಾಗಿದ್ದು, ಮನೆಗೆ ಒಂದೇ ಗಾಡಿಯಿದ್ದರೆ ಹಗುರವಾದ ನೂರು ಸಿ.ಸಿ.ಯದೇ ಮೇಲು, ಅದರ ಟೈರಿನ ಹಲ್ಲು ಸವೆಯದಂತೆ ನೋಡಿಕೊಂಡರೆ ಸಾಕು. ಕಲಘಟಗಿಯ ಗುಡ್ಡದಂಚಿನಲ್ಲಿ, ವರ್ಷದ ಹೆಚ್ಚು ಕಾಲ ಗರಸು ಕಲ್ಲುಗಳ ಹಾದಿಯಲ್ಲಿ ತಿರುಗುವ ಆರೋಗ್ಯ ಕಾರ್ಯಕರ್ತನಿಗಾಗಲಿ ಶಿಕ್ಷಕನಿಗಾಗಲಿ ಇನ್ನೂರು ಸಿ.ಸಿ.ಯ ಹಗುರವಾದ ದ್ವಿಮಾರ್ಗಿಯು ಕೊಟ್ಟ ದುಡ್ಡಿಗೆ ಸಾರ್ಥಕ. ದೊಡ್ಡ ಹಿಮಾಲಯನ್, ಕೆ.ಟಿ.ಎಂ.ಗಳು ದೂರಪ್ರಯಾಣದ ಹವ್ಯಾಸವುಳ್ಳ, ಮನೆಯಲ್ಲಿ ಎರಡನೆಯ ಗಾಡಿಯುಳ್ಳ, ಸಾಲ ಮಾಡದೆ ಕೊಳ್ಳಬಲ್ಲವರಿಗೆ ಸಲ್ಲುವವು; ಹವ್ಯಾಸವು ಪಾಪವಲ್ಲ, ಆದರೆ ಅದನ್ನು ಒಕ್ಕಲುತನದ ಖರ್ಚೆಂದು ಬರೆಯಬಾರದು.

ಕೊಳ್ಳಲು ಹೋಗುವವರು ಅಂಗಡಿಯಲ್ಲಿ ನಾಲ್ಕು ಪರೀಕ್ಷೆ ಮಾಡಲಿ. ಆಸನದ ಮೇಲೆ ಕುಳಿತು ಎರಡೂ ಪಾದಗಳು ನೆಲವನ್ನು ಊರುವವೋ ನೋಡಲಿ. ಇಂಜಿನ್ನು ಹೊಡೆಯದೆ ಗಾಡಿಯನ್ನು ಹತ್ತು ಹೆಜ್ಜೆ ಹಿಂದಕ್ಕೆ ಒಬ್ಬನೇ ತಳ್ಳಿ ನೋಡಲಿ. ಮುಂದಿನ ಟೈರಿಗೂ ಮಡ್ಗಾರ್ಡಿಗೂ ನಡುವೆ ಕೈಯ ನಾಲ್ಕು ಬೆರಳು ಹೋಗುವವೋ ಹಾಕಿ ನೋಡಲಿ. ನಾಲ್ಕನೆಯದಾಗಿ, ಮನೆಯಾಕೆಯನ್ನು ಕರೆದೊಯ್ದು ಹಿಂದಿನ ಆಸನದ ಮೇಲೆ ಕೂಡ್ರಿಸಿ, ಅವಳು ಸುಖವಾಗಿ ಹತ್ತಿ ಇಳಿದ ಮೇಲೆಯೇ ದುಡ್ಡು ಎಣಿಸಲಿ.